ಸಿಂಹಾವಲೋಕನ: ನಕ್ಷೆ ಬದಲಾದ ಮೇಲೆ ಕೇಳಿಸಿದ ದನಿ

ಬಾರ್ಬರಾ ಜೋರ್ಡನ್ 1962ರಲ್ಲಿ ಟೆಕ್ಸಾಸ್ ವಿಧಾನಸಭೆಗೆ ನಿಂತು ಸೋತರು. 1964ರಲ್ಲಿ ಮತ್ತೆ ನಿಂತರು, ಮತ್ತೆ ಸೋತರು. 1966ರಲ್ಲಿ ಅದೇ ಹ್ಯೂಸ್ಟನ್ ನಗರದಿಂದ, ಅದೇ ಡೆಮಾಕ್ರಟಿಕ್ ಪಕ್ಷದಿಂದ, ಈ ಸಲ ರಾಜ್ಯದ ಸೆನೆಟ್‌ಗೆ ಸ್ಪರ್ಧಿಸಿದರು. ಪಕ್ಷದೊಳಗಿನ ಪ್ರಾಥಮಿಕ ಚುನಾವಣೆಯಲ್ಲಿ ಎದುರಾಳಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಮತ ಪಡೆದು ಗೆದ್ದರು. ನಾಲ್ಕು ವರ್ಷಗಳಲ್ಲಿ ಅವರ ಮೈಬಣ್ಣ ಬದಲಾಗಿರಲಿಲ್ಲ. ದನಿ ಬದಲಾಗಿರಲಿಲ್ಲ. ಮಾತಿನ ವಿಷಯಗಳೂ ಹೆಚ್ಚೇನೂ ಬದಲಾಗಿರಲಿಲ್ಲ. ಬದಲಾದದ್ದು ಕ್ಷೇತ್ರದ ನಕ್ಷೆ.

ಜೋರ್ಡನ್ ತೀರಿಕೊಂಡದ್ದು 1996ರ ಜನವರಿ 17ರಂದು. ಮೂವತ್ತು ವರ್ಷ ಕಳೆದಿದೆ. ಬದುಕಿದ್ದರೆ ಈಗ ತೊಂಬತ್ತರ ಪ್ರಾಯ. ಈ ಮೂವತ್ತು ವರ್ಷಗಳಲ್ಲಿ ಅವರನ್ನು ನೆನೆದವರೆಲ್ಲ ಮೊದಲು ನೆನೆದದ್ದು ಅವರ ದನಿಯನ್ನೇ. ಅದು ತಪ್ಪಲ್ಲ. ಆಳವಾದ, ಒಂದೊಂದು ಅಕ್ಷರವನ್ನೂ ತೂಗಿ ಇಡುವ, ಅವಸರವೇ ಇಲ್ಲದ ಆ ದನಿಯನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ಆದರೆ ಅವರ ಬದುಕನ್ನು ತಿರುಗಿ ನೋಡುವಾಗ ನನಗೆ ಆ ದನಿಗಿಂತ ಹೆಚ್ಚಾಗಿ ಕಾಣುವುದು ಅವರ ಲೆಕ್ಕ. ಬಾಗಿಲು ಯಾಕೆ ತೆರೆಯುತ್ತಿಲ್ಲ ಎಂದು ಬಾಗಿಲ ಮುಂದೆ ನಿಂತು ಕೂಗುವುದಕ್ಕಿಂತ ಮೊದಲು, ಅದರ ಕೀಲು ಎಲ್ಲಿದೆ ಎಂದು ಹುಡುಕಿದ ಹೆಣ್ಣು ಅವರು. ನಿಯಮಾವಳಿ, ಕ್ಷೇತ್ರದ ಗೆರೆ, ಸಂವಿಧಾನದ ಒಂದು ಉಪವಾಕ್ಯ, ಇವೇ ಅವರಿಗೆ ಕೀಲುಗಳಾಗಿದ್ದವು.

1936ರ ಫೆಬ್ರುವರಿ 21ರಂದು ಹ್ಯೂಸ್ಟನ್ನಿನ ಫಿಫ್ತ್ ವಾರ್ಡ್ ಎಂಬ ಬಡ ಕಪ್ಪು ಜನರ ಕೇರಿಯಲ್ಲಿ ಹುಟ್ಟಿದ ಮೂವರು ಹೆಣ್ಣುಮಕ್ಕಳಲ್ಲಿ ಅವರೇ ಕಿರಿಯವರು. ತಂದೆ ಬೆಂಜಮಿನ್ ಜೋರ್ಡನ್ ಗೋದಾಮಿನಲ್ಲಿ ಕೆಲಸ ಮಾಡುತ್ತ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಬೋಧನೆಯನ್ನೂ ಮಾಡುತ್ತಿದ್ದರು. ಮನೆಯಲ್ಲಿ ಮಾತು ಶುದ್ಧವಾಗಿರಬೇಕು, ಉಚ್ಚಾರ ಸ್ಪಷ್ಟವಾಗಿರಬೇಕು ಎಂಬುದು ಅವರ ಕಟ್ಟುನಿಟ್ಟು. ತಾಯಿಯ ತಂದೆ ಜಾನ್ ಎಡ್ ಪ್ಯಾಟನ್ ಗುಜರಿ ವ್ಯಾಪಾರಿ. ಆ ತಾತನ ಗಾಡಿಯಲ್ಲಿ ಕೂತು, ಗುಜರಿಯ ಲೆಕ್ಕದಲ್ಲಿ ಕೈಜೋಡಿಸುತ್ತ ಬೆಳೆದ ಮೊಮ್ಮಗಳು, ಯಾರ ಹಂಗಿನಲ್ಲೂ ಇರಬಾರದು ಎಂಬುದನ್ನು ಕಲಿತದ್ದು ಅಲ್ಲಿಯೇ. ತಾಯಿಯ ಕಡೆಯ ಮುತ್ತಾತ ಎಡ್ವರ್ಡ್ ಪ್ಯಾಟನ್ 19ನೇ ಶತಮಾನದಲ್ಲಿ ಟೆಕ್ಸಾಸ್ ವಿಧಾನಸಭೆಯ ಸದಸ್ಯರಾಗಿದ್ದವರು. ಗುಲಾಮಗಿರಿ ಕೊನೆಗೊಂಡ ಮೇಲೆ ಕೆಲವು ಕಾಲ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನ ಶಾಸಕರಾದರು. ಆಮೇಲೆ ಬಂದ ಕಾನೂನುಗಳು ಅವರನ್ನು ಒಬ್ಬೊಬ್ಬರನ್ನಾಗಿ ಹೊರಹಾಕಿದವು. ಆ ಮನೆತನದಲ್ಲಿ ಮುತ್ತಾತನಿಗೆ ಇದ್ದ ಹಕ್ಕು ಮರಿಮಗಳು ಹುಟ್ಟುವ ಹೊತ್ತಿಗೆ ಇರಲಿಲ್ಲ.

ಇಲ್ಲವಾದದ್ದು ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಟೆಕ್ಸಾಸ್‌ನಲ್ಲಿ ಆಗ ಡೆಮಾಕ್ರಟಿಕ್ ಪಕ್ಷದ್ದೇ ಆಳ್ವಿಕೆ. ಆ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ಗೆದ್ದವರು ಮುಖ್ಯ ಚುನಾವಣೆಯಲ್ಲೂ ಗೆದ್ದಂತೆಯೇ. ಹಾಗಾಗಿ ಆ ಪ್ರಾಥಮಿಕ ಚುನಾವಣೆಗೆ ಬಿಳಿಯರಷ್ಟೇ ಮತ ಹಾಕಬಹುದು ಎಂದು ನಿಯಮ ಮಾಡಿಟ್ಟಿದ್ದರು. ಹ್ಯೂಸ್ಟನ್ನಿನ ದಂತವೈದ್ಯ ಲಾನಿ ಸ್ಮಿತ್ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ ಇದನ್ನು 1944ರಲ್ಲಿ ರದ್ದು ಮಾಡಿತು. ಆಗ ಬಾರ್ಬರಾಗೆ ಎಂಟು ವರ್ಷ. ಅದಾದ ಮೇಲೂ ಮತ ತೆರಿಗೆ ಉಳಿಯಿತು. ವರ್ಷಕ್ಕೆ ಒಂದೂಮುಕ್ಕಾಲು ಡಾಲರ್‌ವರೆಗೆ ಕಟ್ಟಿದವರಿಗಷ್ಟೇ ಮತ. ಮನೆಗೆಲಸ ಮಾಡುವವರಿಗೆ, ಹತ್ತಿ ಬಿಡಿಸುವವರಿಗೆ ಅದು ಸಣ್ಣ ಮೊತ್ತವಾಗಿರಲಿಲ್ಲ. ಇವೆಲ್ಲವನ್ನೂ ದಾಟಿ ಮತ ಹಾಕಿದರೂ ಇನ್ನೊಂದು ಗೋಡೆ ಇತ್ತು: ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯ ಶಾಸಕರನ್ನು ಇಡೀ ಕೌಂಟಿಯ ಮತದಾರರು ಸೇರಿ ಆರಿಸುತ್ತಿದ್ದರು. ಫಿಫ್ತ್ ವಾರ್ಡ್ ಒಗ್ಗಟ್ಟಾಗಿ ಮತ ಹಾಕಿದರೂ ಇಡೀ ಕೌಂಟಿಯ ಬಿಳಿಯ ಬಹುಮತದಲ್ಲಿ ಅದು ಕರಗಿ ಹೋಗುತ್ತಿತ್ತು. 1962 ಮತ್ತು 1964ರ ಸೋಲುಗಳ ಗುಟ್ಟು ಇದೇ.

ಈ ಸೋಲುಗಳಿಗೆ ಮುಂಚಿನ ಓದಿನ ಕಥೆಯೂ ಇಂಥದೇ. ಫಿಲಿಸ್ ವೀಟ್ಲಿ ಹೈಸ್ಕೂಲಿಗೆ ಷಿಕಾಗೋದಿಂದ ಎಡಿತ್ ಸ್ಯಾಂಪ್ಸನ್ ಎಂಬ ಕಪ್ಪು ಮಹಿಳಾ ವಕೀಲರು ಬಂದು ಮಾತಾಡಿದ ದಿನವೇ ಬಾರ್ಬರಾ ತಾನೂ ವಕೀಲೆಯಾಗಬೇಕೆಂದು ನಿಶ್ಚಯಿಸಿದರು. ಆದರೆ 1952ರಲ್ಲಿ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಪದವಿ ಓದಲು ಕಪ್ಪು ವಿದ್ಯಾರ್ಥಿಗಳಿಗೆ ಅವಕಾಶವಿರಲಿಲ್ಲ. ಅವರಿಗೆಂದೇ ರಾಜ್ಯ ಸರ್ಕಾರ ಹ್ಯೂಸ್ಟನ್ನಿನಲ್ಲಿ ಬೇರೊಂದು ವಿಶ್ವವಿದ್ಯಾಲಯ ತೆರೆದಿತ್ತು, ಅದೇ ಟೆಕ್ಸಾಸ್ ಸದರ್ನ್. ಅಲ್ಲಿ ಚರ್ಚಾಸ್ಪರ್ಧೆಯ ಗುರುವಾಗಿ ಸಿಕ್ಕವರು ಥಾಮಸ್ ಫ್ರೀಮನ್. ಹಾರ್ವರ್ಡ್‌ನ ಚರ್ಚಾ ತಂಡ ಅಲ್ಲಿಗೆ ಬಂದಾಗ ಇವರ ತಂಡ ಸರಿಸಮವಾಗಿ ನಿಂತಿತು. ಆ ದಿನದ ಹೆಮ್ಮೆ ಅವರಿಗೆ ಕೊನೆಯವರೆಗೂ ಇತ್ತು. ಆದರೆ ಬಾಸ್ಟನ್ ವಿಶ್ವವಿದ್ಯಾಲಯದ ಕಾನೂನು ಶಾಲೆಗೆ ಕಾಲಿಟ್ಟಾಗ ಬೇರೆಯದೇ ಅರಿವಾಯಿತು. ತರಗತಿಯಲ್ಲಿದ್ದ ಕಪ್ಪು ಹೆಣ್ಣುಮಕ್ಕಳು ಇಬ್ಬರೇ, ಇಬ್ಬರೂ ಹ್ಯೂಸ್ಟನ್ನಿನವರು. ತಾನು ಇಷ್ಟು ವರ್ಷ ಪಡೆದ ಪ್ರತ್ಯೇಕ ಶಿಕ್ಷಣ ಸಮಾನ ಶಿಕ್ಷಣ ಆಗಿರಲೇ ಇಲ್ಲ, ಎಷ್ಟೋ ವರ್ಷಗಳ ಓದನ್ನು ಈಗ ತುಂಬಿಕೊಳ್ಳಬೇಕು ಎಂದು ಅವರಿಗೆ ತಿಳಿದದ್ದು ಅಲ್ಲಿ. ರಾತ್ರಿಗಟ್ಟಲೆ ಓದಿದರು. ವಾಗ್ವೈಭವದಿಂದ ಗೆಲ್ಲುವುದಕ್ಕೂ, ವಿಷಯವನ್ನು ಬೇರಿನಿಂದ ಬಿಡಿಸಿ ಯೋಚಿಸುವುದಕ್ಕೂ ಇರುವ ಅಂತರವನ್ನು ಬಾಸ್ಟನ್ ಅವರಿಗೆ ಕಲಿಸಿತು. 1959ರಲ್ಲಿ ಪದವಿ ಮುಗಿಸಿ ಊರಿಗೆ ಬಂದು, ತಂದೆತಾಯಿಯ ಮನೆಯ ಊಟದ ಮೇಜಿನ ಮೇಲೆಯೇ ವಕೀಲಿಕೆ ಶುರು ಮಾಡಿದರು.

ಸೋತಾಗ ಹಿತವಚನ ಹೇಳಿದವರಿಗೆ ಕೊರತೆ ಇರಲಿಲ್ಲ. ಕಪ್ಪು ಬಣ್ಣ, ಹೆಣ್ಣು, ಜತೆಗೆ ದೊಡ್ಡ ಮೈಕಟ್ಟು, ಈ ಮೂರೂ ಸೇರಿದರೆ ಗೆಲ್ಲುವುದು ಕಷ್ಟ ಎಂದವರಿದ್ದರು. ಅದರಲ್ಲಿ ಯಾವುದನ್ನು ಬದಲಿಸಿಕೊಳ್ಳಲು ಸಾಧ್ಯವಿತ್ತು? ಅಷ್ಟರಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ತೀರ್ಪು ಕೊಟ್ಟಿತ್ತು. 1964ರ ರೆನಾಲ್ಡ್ಸ್ ವಿರುದ್ಧ ಸಿಮ್ಸ್ ಮೊಕದ್ದಮೆಯಲ್ಲಿ, ರಾಜ್ಯ ಶಾಸಕಾಂಗದ ಕ್ಷೇತ್ರಗಳಲ್ಲಿ ಜನಸಂಖ್ಯೆ ಸರಿಸುಮಾರು ಸಮನಾಗಿರಬೇಕು, ಒಬ್ಬರಿಗೆ ಒಂದೇ ಮತದ ತೂಕ ಎಂದು ಹೇಳಿತು. ಟೆಕ್ಸಾಸ್ ತನ್ನ ನಕ್ಷೆಯನ್ನು ಹೊಸದಾಗಿ ಬರೆಯಲೇಬೇಕಾಯಿತು. ಹೊಸ ನಕ್ಷೆಯಲ್ಲಿ ಸೆನೆಟ್‌ನ 11ನೇ ಕ್ಷೇತ್ರ ಹುಟ್ಟಿತು. ಅದರಲ್ಲಿ ಫಿಫ್ತ್ ವಾರ್ಡ್ ಇತ್ತು. ಕಪ್ಪು ಜನರ ಜತೆ ಮೆಕ್ಸಿಕನ್ ಮೂಲದವರೂ ಬಿಳಿಯ ಕಾರ್ಮಿಕರೂ ಇದ್ದರು. ಜೋರ್ಡನ್ ಹಳೆಯ ಎರಡು ಚುನಾವಣೆಗಳ ಮತಗಟ್ಟೆವಾರು ಅಂಕಿಗಳನ್ನು ತೆಗೆದು ನೋಡಿದರು. ಈ ಹೊಸ ಕ್ಷೇತ್ರದ ಮತಗಟ್ಟೆಗಳಲ್ಲಿ ತಾನು ಆಗಲೇ ಮುಂದಿದ್ದೆ ಎಂದು ಗೊತ್ತಾಯಿತು. 1966ರ ಆರಂಭದಲ್ಲಿ ನ್ಯಾಯಾಲಯಗಳು ರಾಜ್ಯ ಚುನಾವಣೆಗಳಿಗೂ ಮತ ತೆರಿಗೆ ಕೂಡದು ಎಂದವು. ಎರಡು ಗೋಡೆಗಳು ಬಿದ್ದ ಮೇಲೆ ಮೂರನೇ ಚುನಾವಣೆ ಬಂತು.

ಕ್ಷೇತ್ರ ಪುನರ್ವಿಂಗಡಣೆ ಎಂಬ ಮಾತು ಈಗ ಕರ್ನಾಟಕದ ಓದುಗರಿಗೆ ಹೊಸದಲ್ಲ. ಗೆರೆ ಎಲ್ಲಿ ಬೀಳುತ್ತದೆ ಎಂಬುದರ ಮೇಲೆ ಯಾರ ದನಿ ಸದನಕ್ಕೆ ತಲುಪುತ್ತದೆ ಎಂಬುದು ನಿಂತಿರುತ್ತದೆ ಎಂದು ನಾವೀಗ ಚಿಂತಿಸುತ್ತಿದ್ದೇವೆ. ಜೋರ್ಡನ್ ಅದನ್ನು ತಮ್ಮ ಮೂವತ್ತನೇ ವಯಸ್ಸಿನಲ್ಲಿ ಸ್ವಂತ ಅನುಭವದಿಂದ ಕಂಡುಕೊಂಡರು. ಇಪ್ಪತ್ತು ವರ್ಷಗಳ ನಂತರವೂ ಮರೆಯಲಿಲ್ಲ. 1987ರಲ್ಲಿ ಅಧ್ಯಕ್ಷ ರೇಗನ್ ಅವರು ರಾಬರ್ಟ್ ಬೋರ್ಕ್ ಅವರನ್ನು ಸುಪ್ರೀಂ ಕೋರ್ಟಿಗೆ ನಾಮನಿರ್ದೇಶನ ಮಾಡಿದಾಗ ಜೋರ್ಡನ್ ಅದರ ವಿರುದ್ಧ ಸಾಕ್ಷಿ ಹೇಳಿದರು. ಒಬ್ಬರಿಗೆ ಒಂದು ಮತ ಎಂಬ ಆ ತೀರ್ಪನ್ನು ಬೋರ್ಕ್ ಟೀಕಿಸಿದ್ದರು. ಜೋರ್ಡನ್ ತಮ್ಮ ಎರಡು ಸೋಲುಗಳ ಕಥೆಯನ್ನು ಅಮೆರಿಕದ ಸೆನೆಟ್ ಸಮಿತಿಯ ಮುಂದಿಟ್ಟರು. ಆ ತೀರ್ಪು ಬಾರದಿದ್ದರೆ ನಾನು ಇವತ್ತು ಟೆಕ್ಸಾಸ್ ವಿಧಾನಸಭೆಗೆ ನನ್ನ ಹನ್ನೊಂದನೇ ಸೋಲಿನ ಸ್ಪರ್ಧೆಯಲ್ಲಿ ಇರುತ್ತಿದ್ದೆ ಎಂಬರ್ಥದ ಮಾತು ಹೇಳಿದರು. ಒಂದು ಕಾನೂನು ತತ್ವವನ್ನು ಇಷ್ಟು ಸರಳವಾಗಿ ಯಾರೂ ವಿವರಿಸಿದ್ದಿಲ್ಲ ಎಂದು ನನಗನಿಸುತ್ತದೆ.

ಟೆಕ್ಸಾಸ್ ಸೆನೆಟ್‌ನಲ್ಲಿ 31 ಮಂದಿ. 1883ರ ನಂತರ ಅಲ್ಲಿ ಕಾಲಿಟ್ಟ ಮೊದಲ ಕಪ್ಪು ಪ್ರತಿನಿಧಿ ಜೋರ್ಡನ್. ಕಪ್ಪು ಮಹಿಳೆಯಾಗಿ ಅಲ್ಲಿಗೆ ಬಂದವರಲ್ಲಿ ಅವರೇ ಮೊದಲಿಗರು. ಬೇಟೆ, ಸಿಗಾರು, ವಿಸ್ಕಿಗಳ ಸ್ನೇಹದಿಂದ ಕಟ್ಟಿಕೊಂಡ ಗಂಡಸರ ಕೂಟದಂತಿದ್ದ ಸದನ ಅದು. ಅಲ್ಲಿ ಅವರು ಮೊದಲು ಮಾಡಿದ ಕೆಲಸ ನಿಯಮಾವಳಿಯನ್ನು ಅಂಗೈಗೆರೆಯಷ್ಟು ಚೆನ್ನಾಗಿ ತಿಳಿದುಕೊಂಡದ್ದು. ಆ ಸದನದಲ್ಲಿ ಒಂದು ಸಂಪ್ರದಾಯವಿತ್ತು: ಮೂರನೇ ಎರಡು ಭಾಗದಷ್ಟು ಸದಸ್ಯರು ಒಪ್ಪದಿದ್ದರೆ ಮಸೂದೆ ಚರ್ಚೆಗೇ ಬರುತ್ತಿರಲಿಲ್ಲ. ಎಂದರೆ ಹನ್ನೊಂದು ಮಂದಿ ಗಟ್ಟಿಯಾಗಿ ನಿಂತರೆ ಯಾವ ಮಸೂದೆಯನ್ನೂ ತಡೆಯಬಹುದು. ಮತದಾರರ ನೋಂದಣಿಯನ್ನು ಬಿಗಿಗೊಳಿಸುವ ಮಸೂದೆಯೊಂದು ಬಂದಾಗ ಜೋರ್ಡನ್ ಅದರ ವಿರುದ್ಧ ಉಜ್ವಲ ಭಾಷಣ ಮಾಡಬಹುದಿತ್ತು. ಅದನ್ನು ಬಿಟ್ಟು ಒಬ್ಬೊಬ್ಬರ ಬಳಿ ಹೋಗಿ ಕೂತು ಮಾತಾಡಿ, ಹತ್ತು ಮಂದಿಯನ್ನು ತಮ್ಮ ಕಡೆಗೆ ಒಲಿಸಿಕೊಂಡರು. ಮಸೂದೆ ಅಲ್ಲಿಗೇ ನಿಂತಿತು. ನ್ಯಾಯವಾದ ಕೂಲಿಯ ವಿಷಯದಲ್ಲೂ ಅವರ ದಾರಿ ಇದೇ. ಟೆಕ್ಸಾಸ್‌ನ ಮೊದಲ ಕನಿಷ್ಠ ವೇತನ ಕಾನೂನಿನ ಹಿಂದೆ ಅವರಿದ್ದರು. ಕೇಂದ್ರದ ಕಾನೂನಿನ ನೆರಳು ತಲುಪದ ಹೊಲದ ಕೂಲಿಗಳು, ಮನೆಗೆಲಸದವರು ಅವರ ಗಮನದಲ್ಲಿದ್ದರು. ಗಾಯಗೊಂಡ ಕಾರ್ಮಿಕರ ಪರಿಹಾರವನ್ನು ಹೆಚ್ಚಿಸುವುದಕ್ಕೂ ದುಡಿದರು.

ಇದಕ್ಕೆ ತೆತ್ತ ಬೆಲೆಯೂ ಇತ್ತು, ಅದನ್ನು ಮುಚ್ಚಿಡುವುದು ಅವರಿಗೇ ಮಾಡುವ ಅನ್ಯಾಯ. ಜನಾಂಗ ಭೇದದ ಪರವಾಗಿ ನಿಂತ ಹಿರಿಯ ಸೆನೆಟರುಗಳ ಜತೆಯೂ ಅವರು ಸ್ನೇಹದಿಂದ ಇದ್ದರು. 1971ರಲ್ಲಿ ಹೊಸ ನಕ್ಷೆ ತಯಾರಾಗುವಾಗ ಹ್ಯೂಸ್ಟನ್ನಿನ ನಡುಭಾಗದಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ಗೆ 18ನೇ ಕ್ಷೇತ್ರ ಸಿದ್ಧವಾಯಿತು. ಅವರಿಗೆ ಹೇಳಿ ಮಾಡಿಸಿದಂತಿದ್ದ ಕ್ಷೇತ್ರ ಅದು. ಆದರೆ ಅದೇ ಹೊತ್ತಿನಲ್ಲಿ ಅವರು ಬಿಟ್ಟುಹೋಗಲಿದ್ದ ಸೆನೆಟ್ ಕ್ಷೇತ್ರದ ಗೆರೆಗಳು ಕಪ್ಪು ಅಭ್ಯರ್ಥಿಗೆ ಗೆಲುವು ಕಷ್ಟವಾಗುವಂತೆ ಬದಲಾದವು. ವಿಧಾನಸಭೆಯ ಕಪ್ಪು ಸದಸ್ಯ ಕರ್ಟಿಸ್ ಗ್ರೇವ್ಸ್ ಆ ಸೆನೆಟ್ ಸ್ಥಾನದ ಆಕಾಂಕ್ಷಿಯಾಗಿದ್ದರು. ಜೋರ್ಡನ್ ತಮ್ಮ ಒಂದು ಸ್ಥಾನಕ್ಕಾಗಿ ಜನರ ಇನ್ನೊಂದು ಸ್ಥಾನವನ್ನು ಮಾರಿಕೊಂಡರು ಎಂದು ಗ್ರೇವ್ಸ್ ಬಹಿರಂಗವಾಗಿ ದೂರಿದರು. 1972ರ ಪ್ರಾಥಮಿಕ ಚುನಾವಣೆಯಲ್ಲಿ ಜೋರ್ಡನ್ ವಿರುದ್ಧವೇ ನಿಂತರು. ಮತದಾರರು ಐದರಲ್ಲಿ ನಾಲ್ಕು ಪಾಲು ಮತ ಜೋರ್ಡನ್‌ಗೆ ಕೊಟ್ಟರು. ಮತದಾರರು ಗೆಲ್ಲಿಸಿದ ಮಾತ್ರಕ್ಕೆ ಗ್ರೇವ್ಸ್ ಎತ್ತಿದ ಪ್ರಶ್ನೆ ಬಿದ್ದುಹೋಗುವುದಿಲ್ಲ. ನಕ್ಷೆಯ ಬಲವನ್ನು ಅಷ್ಟು ಚೆನ್ನಾಗಿ ಅರಿತವರು, ಆ ಬಲ ತಮ್ಮ ನಂತರ ಬರುವವರಿಂದ ಜಾರುವುದನ್ನು ತಡೆಯಲಾರದೆ ಹೋದರೋ, ತಡೆಯಲು ಹೆಚ್ಚು ಪ್ರಯತ್ನಿಸಲಿಲ್ಲವೋ? ನನ್ನ ಅಂದಾಜಿನಲ್ಲಿ, ಸಿಕ್ಕಿದ್ದನ್ನು ಭದ್ರಮಾಡಿಕೊಂಡು ಮುಂದೆ ಹೋಗುವ ಅವರ ಸ್ವಭಾವವೇ ಇಲ್ಲಿ ಅವರ ಮಿತಿಯೂ ಆಯಿತು.

1972ರ ಮಾರ್ಚ್‌ನಲ್ಲಿ ಸಹೋದ್ಯೋಗಿಗಳು ಅವರನ್ನು ಸೆನೆಟ್‌ನ ಹಂಗಾಮಿ ಅಧ್ಯಕ್ಷರನ್ನಾಗಿ ಆರಿಸಿದರು. ಆ ಸ್ಥಾನದಲ್ಲಿರುವವರನ್ನು ಒಂದು ದಿನದ ಮಟ್ಟಿಗೆ ರಾಜ್ಯಪಾಲರ ಕುರ್ಚಿಯಲ್ಲಿ ಕೂರಿಸುವುದು ಅಲ್ಲಿನ ವಾಡಿಕೆ. ಜೂನ್ 10ರಂದು ಜೋರ್ಡನ್ ಆ ಕುರ್ಚಿಯಲ್ಲಿ ಕೂತರು. ಅಮೆರಿಕದಲ್ಲಿ ರಾಜ್ಯಪಾಲರು ಎಂದರೆ ನಮ್ಮ ಮುಖ್ಯಮಂತ್ರಿಗೆ ಸಮಾನ. ಫಿಫ್ತ್ ವಾರ್ಡಿನಿಂದ ಬಸ್ಸುಗಳಲ್ಲಿ ಜನ ಬಂದರು. ಆರೋಗ್ಯ ಸರಿಯಿಲ್ಲದ ತಂದೆಯೂ ಬಂದಿದ್ದರು. ಮಗಳು ಪ್ರಮಾಣ ಮಾಡುವುದನ್ನು ಕಣ್ತುಂಬ ನೋಡಿದರು. ಅಲ್ಲಿಯೇ ಅವರಿಗೆ ಪಾರ್ಶ್ವವಾಯು ಬಡಿಯಿತು. ಮರುದಿನ ತೀರಿಕೊಂಡರು.

ಆ ನವೆಂಬರ್‌ನಲ್ಲಿ ಜೋರ್ಡನ್ ಅಮೆರಿಕದ ಸಂಸತ್ತಿಗೆ ಆಯ್ಕೆಯಾದರು. ದಕ್ಷಿಣದ ರಾಜ್ಯಗಳಿಂದ ಹೋದ ಮೊದಲ ಕಪ್ಪು ಮಹಿಳೆ ಅವರು. ಅದೇ ಸಲ ಜಾರ್ಜಿಯಾದಿಂದ ಗೆದ್ದ ಆಂಡ್ರ್ಯೂ ಯಂಗ್ ಅವರೂ ಸೇರಿ, 1901ರ ನಂತರ ದಕ್ಷಿಣದಿಂದ ಅಲ್ಲಿಗೆ ಹೋದ ಮೊದಲ ಕಪ್ಪು ಪ್ರತಿನಿಧಿಗಳು ಇವರಿಬ್ಬರೇ. ಯಾವ ಸಮಿತಿ ಕೇಳಬೇಕೆಂಬ ಪ್ರಶ್ನೆ ಬಂದಾಗ ಮಾಜಿ ಅಧ್ಯಕ್ಷ ಲಿಂಡನ್ ಜಾನ್ಸನ್ ನ್ಯಾಯಾಂಗ ಸಮಿತಿಯನ್ನೇ ಕೇಳು ಎಂದರು. ತಮ್ಮ ಪ್ರಭಾವವನ್ನೂ ಬಳಸಿದರು. ಅವರು 1973ರ ಜನವರಿಯಲ್ಲಿ ತೀರಿಕೊಂಡರು, ಜೋರ್ಡನ್ ಅಧಿಕಾರ ವಹಿಸಿ ತಿಂಗಳೂ ಆಗಿರಲಿಲ್ಲ. ಆ ಸಲಹೆ ಎಷ್ಟು ದೂರ ಹೋಗುತ್ತದೆ ಎಂಬುದನ್ನು ನೋಡಲು ಜಾನ್ಸನ್ ಬದುಕಿರಲಿಲ್ಲ.

1974ರ ಜುಲೈ ವೇಳೆಗೆ ವಾಟರ್‌ಗೇಟ್ ಹಗರಣ ಆ ಸಮಿತಿಯ ಮುಂದೆ ಬಂದು ನಿಂತಿತ್ತು. ಅಧ್ಯಕ್ಷ ನಿಕ್ಸನ್ ಅವರ ವಾಗ್ದಂಡನೆಗೆ ಶಿಫಾರಸು ಮಾಡಬೇಕೇ ಬೇಡವೇ ಎಂದು 38 ಸದಸ್ಯರು ಟೆಲಿವಿಷನ್ ಕ್ಯಾಮೆರಾಗಳ ಮುಂದೆ ಮಾತಾಡಬೇಕಿತ್ತು. ಒಬ್ಬೊಬ್ಬರಿಗೂ ಹದಿನೈದು ನಿಮಿಷ. ಮೊದಲ ಅವಧಿಯ ಸದಸ್ಯೆಯಾದ ಜೋರ್ಡನ್ ಅವರ ಸರದಿ ಬಂದದ್ದು ಜುಲೈ 25ರ ರಾತ್ರಿ, ಮನೆಮನೆಯಲ್ಲೂ ಜನ ಟಿವಿ ಮುಂದೆ ಕೂತಿದ್ದ ಹೊತ್ತಿನಲ್ಲಿ.

ಅವರು ಸಂವಿಧಾನದ ಪೀಠಿಕೆಯಿಂದ ಆರಂಭಿಸಿದರು. ‘ಜನರಾದ ನಾವು’ ಎಂಬ ಆ ಮೊದಲ ಮಾತು ಎಷ್ಟು ಸೊಗಸು. ಆದರೆ 1787ರ ಸೆಪ್ಟೆಂಬರ್ 17ರಂದು ಆ ದಸ್ತಾವೇಜು ಮುಗಿದಾಗ ಆ ‘ನಾವು’ ಎಂಬುದರಲ್ಲಿ ನಾನಿರಲಿಲ್ಲ ಎಂದರು. ಜಾರ್ಜ್ ವಾಷಿಂಗ್ಟನ್, ಅಲೆಕ್ಸಾಂಡರ್ ಹ್ಯಾಮಿಲ್ಟನ್ ನನ್ನನ್ನು ಕೈತಪ್ಪಿನಿಂದ ಬಿಟ್ಟಿರಬೇಕು ಎಂದು ಎಷ್ಟೋ ವರ್ಷ ಅಂದುಕೊಂಡಿದ್ದೆ. ತಿದ್ದುಪಡಿ, ವ್ಯಾಖ್ಯಾನ, ಕೋರ್ಟಿನ ತೀರ್ಪುಗಳ ಮೂಲಕ ಕೊನೆಗೂ ಒಳಗೆ ಬಂದಿದ್ದೇನೆ ಎಂದರು. ‘ಭಾರತದ ಜನತೆಯಾದ ನಾವು’ ಎಂದು ಶಾಲೆಯಲ್ಲಿ ಓದಿದ ನಮಗೆ ಈ ಮಾತಿನ ಭಾರ ಬೇಗ ತಿಳಿಯುತ್ತದೆ. ಈ ಸಾಲುಗಳನ್ನು ಅವರು ಗೋಳಾಗಿ ಹೇಳಲಿಲ್ಲ. ತಿದ್ದುಪಡಿ, ವ್ಯಾಖ್ಯಾನ, ತೀರ್ಪು ಎಂಬ ಮೂರು ಪದಗಳನ್ನು ಗಮನಿಸಬೇಕು. ಅವರ ಸ್ವಂತ ಬದುಕಿನಲ್ಲಿ ಅವುಗಳಿಗೆ ಹೆಸರಿತ್ತು, ತಾರೀಖಿತ್ತು: ದಂತವೈದ್ಯ ಸ್ಮಿತ್ ಅವರ ಮೊಕದ್ದಮೆ, ಮತ ತೆರಿಗೆಯ ರದ್ದತಿ, 1964ರ ನಕ್ಷೆಯ ತೀರ್ಪು. ಸಂವಿಧಾನದಲ್ಲಿ ನನ್ನ ನಂಬಿಕೆ ಪೂರ್ಣವಾದದ್ದು, ಅಖಂಡವಾದದ್ದು ಎಂದು ಅವರು ಮುಂದೆ ಹೇಳಿದ್ದು ಪ್ರಸಿದ್ಧವಾಯಿತು. ಅದು ಗ್ರಂಥವೊಂದರ ಮೇಲಿನ ಭಕ್ತಿಯ ಮಾತಾಗಿ ನನಗೆ ಕೇಳಿಸುವುದಿಲ್ಲ. ಅದು ಕೆಲಸ ಮಾಡುವುದನ್ನು ಕಣ್ಣಾರೆ ಕಂಡವರ ನಂಬಿಕೆ.

ಆ ಭಾಷಣದ ಉಳಿದ ಭಾಗವನ್ನು ಈಗ ಯಾರೂ ಹೆಚ್ಚು ನೆನೆಯುವುದಿಲ್ಲ. ನಿಜವಾದ ಕೆಲಸ ನಡೆದದ್ದು ಅಲ್ಲಿ. ವಾಗ್ದಂಡನೆ ಎಂದರೆ ಶಿಕ್ಷೆಯಲ್ಲ, ಆರೋಪ ಮಾತ್ರ; ಆರೋಪಿಸುವುದು ಕೆಳಮನೆ, ತೀರ್ಪು ಕೊಡುವುದು ಸೆನೆಟ್; ಆರೋಪಿಸುವವರೂ ತೀರ್ಪು ಕೊಡುವವರೂ ಬೇರೆಯಾಗಿರಲೆಂದೇ ಹಿರಿಯರು ಹೀಗೆ ವಿಂಗಡಿಸಿದರು ಎಂದು ನಿಧಾನವಾಗಿ ಬಿಡಿಸಿ ಹೇಳಿದರು. ನಂತರ ಒಂದು ಪಾಠದಂತೆ ಎರಡು ಸಾಲುಗಳನ್ನು ಅಕ್ಕಪಕ್ಕ ಇಟ್ಟರು. ಒಂದು ಕಡೆ 18ನೇ ಶತಮಾನದ ಸಂವಿಧಾನ ಅಂಗೀಕಾರ ಸಭೆಗಳಲ್ಲಿ ವಾಗ್ದಂಡನೆಯ ಅಳತೆಗೋಲಾಗಿ ಹೇಳಿದ ಮಾತುಗಳು; ಇನ್ನೊಂದು ಕಡೆ ನಿಕ್ಸನ್ ಮಾಡಿದ್ದೆಂದು ಸಾಕ್ಷ್ಯ ತೋರಿಸುವ ಕೃತ್ಯ. ಸಂಶಯಾಸ್ಪದ ವ್ಯಕ್ತಿಯ ಜತೆ ಅಧ್ಯಕ್ಷರಿಗೆ ನಂಟಿದ್ದು, ಆತನಿಗೆ ಅವರು ಆಸರೆ ಕೊಡುತ್ತಾರೆಂದು ನಂಬಲು ಕಾರಣವಿದ್ದರೆ ವಾಗ್ದಂಡನೆ ಆಗಬಹುದು ಎಂದು ಜೇಮ್ಸ್ ಮ್ಯಾಡಿಸನ್ ವರ್ಜೀನಿಯಾದಲ್ಲಿ ಹೇಳಿದ್ದರು. ವಾಟರ್‌ಗೇಟ್‌ನಲ್ಲಿ ಕನ್ನ ಹಾಕಿದವರಿಗೆ ಹಣ ಸಂದಾಯವಾದದ್ದು ಅಧ್ಯಕ್ಷರಿಗೆ ತಿಳಿದಿತ್ತೆಂದು ಸಾಕ್ಷ್ಯ ಹೇಳುತ್ತಿತ್ತು. ಹೀಗೆ ಒಂದಾದ ಮೇಲೊಂದು. ಕೊನೆಗೆ, ಇಂಥ ಅಪರಾಧಗಳಿಗೂ ವಾಗ್ದಂಡನೆಯ ಕಲಮು ಅನ್ವಯಿಸದಿದ್ದರೆ ಆ 18ನೇ ಶತಮಾನದ ಸಂವಿಧಾನವನ್ನು 20ನೇ ಶತಮಾನದ ಕಾಗದ ಚೂರು ಮಾಡುವ ಯಂತ್ರಕ್ಕೆ ಹಾಕಬೇಕಾದೀತು ಎಂದರು. ಬೈಗುಳವಿಲ್ಲ, ಆರ್ಭಟವಿಲ್ಲ. ಎರಡು ದಿನ ಬಿಟ್ಟು ಸಮಿತಿ 27–11ರಿಂದ ಮೊದಲ ಆರೋಪವನ್ನು ಅಂಗೀಕರಿಸಿತು. ಆಗಸ್ಟ್ 9ರಂದು ನಿಕ್ಸನ್ ಅಧಿಕಾರ ಬಿಟ್ಟರು. ನಮಗೆ ಸಂವಿಧಾನವನ್ನು ವಿವರಿಸಿದ್ದಕ್ಕೆ ವಂದನೆ ಎಂದು ಹ್ಯೂಸ್ಟನ್ನಿನ ರಸ್ತೆಬದಿಯಲ್ಲಿ ಜಾಹೀರಾತು ಫಲಕಗಳೆದ್ದವು.

ಅವರ ಸಂಸತ್ತಿನ ಕೆಲಸದಲ್ಲಿ ಇದಕ್ಕಿಂತ ದೊಡ್ಡದು ಬೇರೊಂದಿದೆ ಎಂಬುದು ನನ್ನ ಅಭಿಪ್ರಾಯ. ಕನ್ನಡದ ಓದುಗರು ಅದನ್ನು ತಿಳಿಯಲೇಬೇಕು. 1965ರ ಮತಾಧಿಕಾರ ಕಾಯ್ದೆಯ ವಿಶೇಷ ಕಲಮುಗಳ ಅವಧಿ 1975ರಲ್ಲಿ ಮುಗಿಯುವುದರಲ್ಲಿತ್ತು. ಮತದಾರರನ್ನು ತಡೆಯಲು ಅಕ್ಷರ ಪರೀಕ್ಷೆಯಂಥ ‘ಪರೀಕ್ಷೆ ಅಥವಾ ಸಾಧನ’ ಬಳಸಿದ ರಾಜ್ಯಗಳ ಮೇಲೆ ಆ ಕಾಯ್ದೆ ಕಣ್ಣಿಟ್ಟಿತ್ತು. ಅಂಥ ರಾಜ್ಯಗಳು ಚುನಾವಣಾ ನಿಯಮ ಬದಲಿಸುವ ಮುನ್ನ ಕೇಂದ್ರದ ಒಪ್ಪಿಗೆ ಪಡೆಯಬೇಕಿತ್ತು. ಟೆಕ್ಸಾಸ್‌ನಲ್ಲಿ ಅಕ್ಷರ ಪರೀಕ್ಷೆ ಇರಲಿಲ್ಲ, ಆದ್ದರಿಂದ ಅದು ತಪ್ಪಿಸಿಕೊಂಡಿತ್ತು. ಆದರೆ ಲಕ್ಷಾಂತರ ಸ್ಪ್ಯಾನಿಷ್ ಮಾತಾಡುವವರಿದ್ದ ಆ ರಾಜ್ಯದಲ್ಲಿ ಮತಪತ್ರ ಇಂಗ್ಲಿಷಿನಲ್ಲಷ್ಟೇ ಇರುತ್ತಿತ್ತು. ಬೇರೆ ನುಡಿಯವರು ಗಣನೀಯವಾಗಿರುವಲ್ಲಿ ಇಂಗ್ಲಿಷ್ ಮಾತ್ರದ ಮತಪತ್ರ ಕೊಡುವುದೇ ಒಂದು ಅಕ್ಷರ ಪರೀಕ್ಷೆ ಎಂಬುದು ಜೋರ್ಡನ್ ಮತ್ತು ಅವರ ಜತೆಗಾರರ ವಾದ. ಗುಟ್ಟೆಲ್ಲ ಈ ಒಂದು ವ್ಯಾಖ್ಯೆಯಲ್ಲಿದೆ. ತಮ್ಮ ರಾಜ್ಯದ ಸರ್ಕಾರ ವಿರೋಧಿಸಿದರೂ ಅವರು ಪಟ್ಟು ಬಿಡಲಿಲ್ಲ. 1975ರ ಆಗಸ್ಟ್ 6ರಂದು ಅಧ್ಯಕ್ಷ ಫೋರ್ಡ್ ಸಹಿ ಹಾಕಿದರು. ಕಪ್ಪು ಹೆಣ್ಣುಮಗಳು ತಂದ ಆ ತಿದ್ದುಪಡಿಯಿಂದ ಹೆಚ್ಚು ಲಾಭವಾದದ್ದು ಮೆಕ್ಸಿಕನ್ ಮೂಲದವರಿಗೆ, ಮೂಲನಿವಾಸಿಗಳಿಗೆ, ಏಷ್ಯಾದಿಂದ ಹೋದವರಿಗೆ.

ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಇಂದು ಬಂಗಾಳಿಯಲ್ಲಿ ಮತಪತ್ರ ಸಿಗುತ್ತದೆ. ಆ ಹಕ್ಕಿನ ಬೇರು 1975ರ ಆ ಕಾಯ್ದೆಯಲ್ಲಿದೆ. ಬೆಂಗಳೂರಿನ ಬ್ಯಾಂಕಿನ ಚಲನ್ ಯಾವ ಭಾಷೆಯಲ್ಲಿರಬೇಕು ಎಂದು ವಾದಿಸುವ ನಾವು, ಭಾಷೆ ಗೊತ್ತಿಲ್ಲದೆ ಕೌಂಟರಿನ ಮುಂದೆ ತಲೆ ತಗ್ಗಿಸಿ ನಿಂತ ಹಿರಿಯರನ್ನು ನೋಡಿರುವ ನಾವು, ಈ ವಾದವನ್ನು ಜಗತ್ತಿನ ಇನ್ನೊಂದು ಮೂಲೆಯಲ್ಲಿ ಐವತ್ತು ವರ್ಷಗಳ ಹಿಂದೆ ಕಾನೂನಿನ ಮಾತಿನಲ್ಲಿ ಮಂಡಿಸಿದವರನ್ನು ಪ್ರೀತಿಯಿಂದ ನೆನೆಯಬೇಕು.

ಅದೇ 1975ರಲ್ಲಿ ಅವರ ಅಭಿಮಾನಿಗಳನ್ನು ನೋಯಿಸಿದ ಘಟನೆಯೂ ನಡೆಯಿತು. ಟೆಕ್ಸಾಸ್‌ನ ಮಾಜಿ ರಾಜ್ಯಪಾಲ ಜಾನ್ ಕೊನ್ನಲಿ ಲಂಚದ ಆರೋಪದಲ್ಲಿ ವಿಚಾರಣೆ ಎದುರಿಸುತ್ತಿದ್ದರು. ಕೊನ್ನಲಿಯ ಸಚ್ಚಾರಿತ್ರ್ಯದ ಪರವಾಗಿ ಜೋರ್ಡನ್ ಸಾಕ್ಷಿ ಹೇಳಿದರು. ಕೊನ್ನಲಿ ಖುಲಾಸೆಯಾದರು. ನಾಗರಿಕ ಹಕ್ಕುಗಳ ವಿಷಯದಲ್ಲಿ ಕೊನ್ನಲಿ ಎಂದೂ ಅವರ ಜತೆಗಾರರಾಗಿರಲಿಲ್ಲ. ಅಧಿಕಾರದ ಕೂಟದಲ್ಲಿ ಬೆಳೆಸಿಕೊಂಡ ಸ್ನೇಹದ ಋಣ ತೀರಿಸಿದರೇ? ಈ ಸಾಕ್ಷ್ಯವನ್ನು ಸಮರ್ಥಿಸಲು ನನಗೆ ಮನಸ್ಸು ಬರುವುದಿಲ್ಲ.

1976ರ ಜುಲೈ 12ರಂದು ಡೆಮಾಕ್ರಟಿಕ್ ಪಕ್ಷದ ಮಹಾಧಿವೇಶನದಲ್ಲಿ ಅವರು ಪ್ರಧಾನ ಭಾಷಣ ಮಾಡಿದರು. ಆ ಗೌರವ ಪಡೆದ ಮೊದಲ ಕಪ್ಪು ಮಹಿಳೆ ಅವರೇ. ಜೋರ್ಡನ್‌ಗಿಂತ ಮುಂಚೆ ಗಗನಯಾತ್ರಿ ಜಾನ್ ಗ್ಲೆನ್ ಮಾತಾಡಿದಾಗ ಸಭೆ ಗದ್ದಲದಲ್ಲಿತ್ತು. ಇವರು ಎದ್ದು ನಿಂತಾಗ ಮೌನವಾಯಿತು. ನಾವೆಲ್ಲ ಒಂದು ಜನಸಮುದಾಯ ಆಗಿರುತ್ತೇವೆಯೇ, ಅಥವಾ ನಗರಕ್ಕೆ ಉಪನಗರ, ಪ್ರಾಂತ್ಯಕ್ಕೆ ಪ್ರಾಂತ್ಯ ಎದುರಾಗಿ ನಿಂತ ಸ್ವಾರ್ಥದ ಗುಂಪುಗಳಾಗಿ ಒಡೆದುಹೋಗುತ್ತೇವೆಯೇ ಎಂದು ಅವರು ಅಂದು ಕೇಳಿದರು. ಉಪಾಧ್ಯಕ್ಷ ಸ್ಥಾನಕ್ಕೆ ಹೆಸರು ಓಡಾಡಿತು. ಜಿಮ್ಮಿ ಕಾರ್ಟರ್ ಅಧ್ಯಕ್ಷರಾಗಿ ಗೆದ್ದ ಮೇಲೆ ಸಂಪುಟದ ಮಾತೂ ಬಂತು. ಅಟಾರ್ನಿ ಜನರಲ್ ಹುದ್ದೆ ಬಿಟ್ಟು ಬೇರೆ ಯಾವುದರಲ್ಲೂ ತಮಗೆ ಆಸಕ್ತಿಯಿಲ್ಲ ಎಂದರು, ಅದು ಸಿಗಲಿಲ್ಲ. 1979ರ ಜನವರಿಯಲ್ಲಿ, ಮೂರ್ನಾಲ್ಕು ದಶಕ ಉಳಿಯಬಹುದಾಗಿದ್ದ ಭದ್ರ ಕ್ಷೇತ್ರವನ್ನು ಬಿಟ್ಟು, ನಲವತ್ತೆರಡನೇ ವಯಸ್ಸಿನಲ್ಲಿ ಮನೆಗೆ ಬಂದುಬಿಟ್ಟರು.

ಯಾಕೆಂದು ಆಗ ಹೆಚ್ಚಿನವರಿಗೆ ತಿಳಿಯಲಿಲ್ಲ. 1973ರಲ್ಲಿಯೇ ಅವರಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಇರುವುದು ಪತ್ತೆಯಾಗಿತ್ತು. ಮೊದಲು ಊರುಗೋಲು, ಆಮೇಲೆ ವಾಕರ್, ಕೊನೆಗೆ ಗಾಲಿಕುರ್ಚಿ. ಮೊಣಕಾಲು ನೋವು ಎಂದಷ್ಟೇ ಹೇಳುತ್ತಿದ್ದರು. ವಾಟರ್‌ಗೇಟ್ ರಾತ್ರಿಯ ಆ ದೃಢವಾದ ಮಾತನ್ನು ಮತ್ತೊಮ್ಮೆ ನೋಡುವಾಗ, ಆ ದೇಹದೊಳಗೆ ರೋಗ ಆಗಲೇ ಮನೆ ಮಾಡಿತ್ತು ಎಂಬುದು ನೆನಪಾಗಿ ಮನಸ್ಸು ಭಾರವಾಗುತ್ತದೆ.

ಅವರು ಹೋದದ್ದು ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ, ಪ್ರಾಧ್ಯಾಪಕಿಯಾಗಿ. ಹದಿನಾರರ ಹುಡುಗಿಯಾಗಿದ್ದಾಗ ಸೇರಿಸಿಕೊಳ್ಳದಿದ್ದ ಅದೇ ವಿಶ್ವವಿದ್ಯಾಲಯದಲ್ಲಿ, ಲಿಂಡನ್ ಜಾನ್ಸನ್ ಹೆಸರಿನ ಸಾರ್ವಜನಿಕ ಆಡಳಿತ ಶಾಲೆಯಲ್ಲಿ, ರಾಜಕೀಯ ಮೌಲ್ಯ ಮತ್ತು ನೀತಿಯ ಪಾಠ ಹೇಳಿದರು. ಅವರ ತರಗತಿಗೆ ಎಷ್ಟು ಬೇಡಿಕೆ ಇತ್ತೆಂದರೆ ಲಾಟರಿ ಎತ್ತಿ ಸೀಟು ಕೊಡಬೇಕಾಯಿತು. ಹದಿನೇಳು ವರ್ಷ ಅವರು ಅಲ್ಲಿಯೇ ಇದ್ದರು. ಶಾಸಕಿಯಾಗಿ, ಸಂಸದೆಯಾಗಿ ಕಳೆದ ಒಟ್ಟು ಕಾಲಕ್ಕಿಂತ ಹೆಚ್ಚು.

ಕೊನೆಯ ಅಧ್ಯಾಯ ನಮ್ಮವರ ಮನೆಗಳಿಗೂ ತಾಗುವಂಥದ್ದು. ಅಧ್ಯಕ್ಷ ಕ್ಲಿಂಟನ್ ಅವರು ಜೋರ್ಡನ್ ಅವರನ್ನು ವಲಸೆ ಸುಧಾರಣಾ ಆಯೋಗದ ಅಧ್ಯಕ್ಷರನ್ನಾಗಿ ಮಾಡಿದರು. ಆ ಆಯೋಗ 1995ರಲ್ಲಿ ಕೊಟ್ಟ ವರದಿಯಲ್ಲಿ, ಕಾನೂನುಬದ್ಧ ವಲಸೆಯನ್ನು ವರ್ಷಕ್ಕೆ 5,50,000ಕ್ಕೆ ಇಳಿಸಬೇಕು, ಗಂಡ, ಹೆಂಡತಿ, ಸಣ್ಣ ಮಕ್ಕಳಿಗೆ ಆದ್ಯತೆ ಕೊಡಬೇಕು, ಪ್ರಜೆಗಳ ಅಣ್ಣತಮ್ಮ ಅಕ್ಕತಂಗಿಯರಿಗಿದ್ದ ವರ್ಗವನ್ನು ತೆಗೆಯಬೇಕು ಎಂಬ ಶಿಫಾರಸುಗಳಿದ್ದವು. ಕೆಲಸ ಕೊಡುವವರು ಹೊಸಬರ ದಾಖಲೆಯನ್ನು ಗಣಕೀಕೃತ ಪಟ್ಟಿಯಲ್ಲಿ ಪರಿಶೀಲಿಸಬೇಕು ಎಂದೂ ಹೇಳಿತು. ಅಣ್ಣನೋ ಅಕ್ಕನೋ ಹಾಕಿದ ಅರ್ಜಿಯ ಮೇಲೆ ಹತ್ತು ವರ್ಷಕ್ಕೂ ಮೀರಿ ಕಾದು ಅಮೆರಿಕಕ್ಕೆ ಹೋದ ಕುಟುಂಬಗಳು ಕರ್ನಾಟಕದಲ್ಲೂ ಇವೆ. ಆ ಶಿಫಾರಸು ಕಾನೂನಾಗಿದ್ದರೆ ಆ ಬಾಗಿಲು ಮುಚ್ಚಿರುತ್ತಿತ್ತು. 1996ರಲ್ಲಿ ಸಂಸತ್ತು ಅದನ್ನು ಒಪ್ಪಲಿಲ್ಲ.

ವಲಸೆಗೆ ಕಡಿವಾಣ ಬೇಕೆನ್ನುವವರು ಇಂದು ಜೋರ್ಡನ್ ಹೆಸರನ್ನು ಮತ್ತೆ ಮತ್ತೆ ತರುತ್ತಾರೆ. ಬರಬೇಕಾದವರು ಬರಲಿ, ಬರಬಾರದವರು ಹೊರಗಿರಲಿ, ಇರಬಾರದವರು ಹಿಂದಿರುಗಲಿ, ಆಗಲೇ ವಲಸೆ ನೀತಿಗೆ ಜನರ ನಂಬಿಕೆ ಉಳಿಯುತ್ತದೆ ಎಂಬರ್ಥದ ಅವರ ಮಾತು ನಿಜವಾಗಿಯೂ ಅವರದ್ದೇ. ಹೊಲದ ಕೂಲಿಗೆ ಕನಿಷ್ಠ ವೇತನ ಕೊಡಿಸಲು ಹೋರಾಡಿದವರಿಗೆ, ಕಡಿಮೆ ಕೂಲಿಗೆ ಹೊಸಬರನ್ನು ತಂದು ಹಳಬರನ್ನು ಹೊರದಬ್ಬುವುದರ ಬಗ್ಗೆ ಆತಂಕ ಇದ್ದದ್ದು ಸಹಜ. ಸಹೋದರ ಸಂಬಂಧವನ್ನು ಕುಟುಂಬದ ಆಚೆಗೆ ಇಟ್ಟ ಆ ಎಣಿಕೆಯನ್ನು ಮಾತ್ರ ನಾನು ಒಪ್ಪಲಾರೆ; ಕುಟುಂಬ ಎಂದರೇನು ಎಂಬುದನ್ನು ನಮ್ಮ ಮನೆಗಳು ಬೇರೆಯಾಗಿ ತಿಳಿದಿವೆ. ಆದರೆ ಅವರ ಹೆಸರು ಹೇಳುವವರು ಇನ್ನೊಂದನ್ನು ಬಿಟ್ಟುಬಿಡುತ್ತಾರೆ. ಅಮೆರಿಕದ ನೆಲದಲ್ಲಿ ಹುಟ್ಟಿದ ಮಕ್ಕಳಿಗೆ ಹುಟ್ಟಿನಿಂದಲೇ ಸಿಗುವ ಪೌರತ್ವವನ್ನು, ತಂದೆತಾಯಿಯ ಬಳಿ ಕಾಗದಪತ್ರವಿಲ್ಲ ಎಂಬ ಕಾರಣಕ್ಕೆ ಕಿತ್ತುಕೊಳ್ಳಬೇಕೆಂಬ ಪ್ರಸ್ತಾಪ ಆಗ ಬಂದಿತ್ತು. 1995ರ ಡಿಸೆಂಬರ್‌ನಲ್ಲಿ ಜೋರ್ಡನ್ ಸಂಸದೀಯ ಉಪಸಮಿತಿಗಳ ಮುಂದೆ ಬಂದು ಅದನ್ನು ನೇರವಾಗಿ ವಿರೋಧಿಸಿದರು. ಅದು ಅಮೆರಿಕದ ಸ್ವಾತಂತ್ರ್ಯದ ಎಂಜಿನನ್ನೇ ಹಳಿ ತಪ್ಪಿಸುತ್ತದೆ ಎಂದರು. ಹುಟ್ಟಿನಿಂದ ಸಿಗುವ ಪೌರತ್ವ ಎಂಬುದು ಗುಲಾಮರ ಮಕ್ಕಳನ್ನು ಪ್ರಜೆಗಳನ್ನಾಗಿ ಮಾಡಿದ 14ನೇ ತಿದ್ದುಪಡಿಯ ಮೊದಲ ಸಾಲು. ಅದರ ಬಗ್ಗೆ ಅವರು ರಾಜಿಗೆ ಸಿದ್ಧರಿರಲಿಲ್ಲ. ಅವರು ಎಲ್ಲಿ ಬಾಗುತ್ತಿದ್ದರು, ಎಲ್ಲಿ ಬಾಗುತ್ತಿರಲಿಲ್ಲ ಎಂಬುದು ಈ ಒಂದು ಸಾಕ್ಷ್ಯದಲ್ಲಿ ಸ್ಪಷ್ಟವಾಗಿದೆ.

ಅದಾಗಿ ಸುಮಾರು ಒಂದು ತಿಂಗಳಲ್ಲಿ, ಐವತ್ತೊಂಬತ್ತನೇ ವಯಸ್ಸಿನಲ್ಲಿ, ಅವರು ಹೋದರು. ಆಸ್ಟಿನ್‌ನ ಟೆಕ್ಸಾಸ್ ರಾಜ್ಯ ಸ್ಮಶಾನದಲ್ಲಿ ಮಣ್ಣಾದ ಮೊದಲ ಆಫ್ರಿಕನ್-ಅಮೆರಿಕನ್ ಅವರು. ಗುಲಾಮರನ್ನು ಇಟ್ಟುಕೊಂಡ ವಲಸಿಗರನ್ನು ಕರೆತಂದು ಆ ರಾಜ್ಯದ ಪಿತಾಮಹನೆನಿಸಿಕೊಂಡ ಸ್ಟೀಫನ್ ಆಸ್ಟಿನ್ ಸಮಾಧಿಯೂ ಅದೇ ಗುಡ್ಡದ ಮೇಲಿದೆ. ಆಸ್ಟಿನ್ ವಿಮಾನ ನಿಲ್ದಾಣದ ಟರ್ಮಿನಲ್‌ಗೆ ಜೋರ್ಡನ್ ಹೆಸರಿದೆ. ಒಳಗೆ ಅವರು ಕುಳಿತ ಭಂಗಿಯ ಕಂಚಿನ ಪ್ರತಿಮೆ ಇದೆ. ಬೆಂಗಳೂರು, ಮೈಸೂರುಗಳಿಂದ ಕೆಲಸಕ್ಕೆಂದು ಆ ನಗರಕ್ಕೆ ಹೋಗುವ ನಮ್ಮ ಮಕ್ಕಳು ಸೂಟ್‌ಕೇಸ್ ಎಳೆದುಕೊಂಡು ಆ ಪ್ರತಿಮೆಯ ಬಳಿಯಿಂದ ಹಾದುಹೋಗುತ್ತಾರೆ.

ಕ್ಷೇತ್ರದ ನಕ್ಷೆಗಳು ಆಮೇಲೂ ಬದಲಾಗುತ್ತಲೇ ಇವೆ. ಟೆಕ್ಸಾಸ್‌ ಮೇಲೆ ಕಣ್ಣಿಡಲು 1975ರಲ್ಲಿ ಜೋರ್ಡನ್ ತಂದಿದ್ದ ಮುಂಚಿತ ಒಪ್ಪಿಗೆಯ ವ್ಯವಸ್ಥೆಯನ್ನು ಸುಪ್ರೀಂ ಕೋರ್ಟ್ 2013ರಲ್ಲಿ ನಿಷ್ಕ್ರಿಯ ಮಾಡಿತು. ಅವರ 18ನೇ ಕ್ಷೇತ್ರವನ್ನು ಮುಂದೆ ಮಿಕ್ಕಿ ಲೆಲೆಂಡ್, ಶೀಲಾ ಜಾಕ್ಸನ್ ಲೀ, ಸಿಲ್ವೆಸ್ಟರ್ ಟರ್ನರ್ ಮುಂತಾದವರು ಪ್ರತಿನಿಧಿಸಿದರು. ಈ ಮೂವರೂ ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. 2025ರ ಆಗಸ್ಟ್‌ನಲ್ಲಿ ಟೆಕ್ಸಾಸ್ ಶಾಸಕಾಂಗ, ಹತ್ತು ವರ್ಷಗಳ ಜನಗಣತಿಗೂ ಕಾಯದೆ, ರಾಜ್ಯದ ನಕ್ಷೆಯನ್ನು ಮತ್ತೆ ಬರೆಯಿತು. ಹ್ಯೂಸ್ಟನ್ನಿನಲ್ಲಿ ಯಾವ ಬೀದಿ ಯಾವ ಕ್ಷೇತ್ರಕ್ಕೆ ಸೇರಿತು ಎಂದು ಫಿಫ್ತ್ ವಾರ್ಡಿನ ಮತದಾರರು ಮತ್ತೊಮ್ಮೆ ಹುಡುಕಬೇಕಾಯಿತು.